ಸೊಪ್ಪಿನ ಮೇಲೆ ನಿಂತ ಹಸು ಕುಂಟುವುದಿಲ್ಲ

…ಹಾಗಾದರೆ, ನಡೆಯಲಾರದ ಹಸುವನ್ನು ಟಾರು ರಸ್ತೆಯವರೆಗೆ ನಡೆಸಿಕೊಂಡು ಬಂದರೆ ಮಾತ್ರ ಅದು ನಡೆಯಲಾರದು ಎಂದು ನೀವು ಒಪ್ಪುತ್ತೀರಿ, ಅಲ್ಲವೇ, ಮಾನ್ಯ ಪಶುವೈದ್ಯಾಧಿಕಾರಿಗಳೇ? ನಿನ್ನೆ ಫೋನಿನಲ್ಲಿ ಇದನ್ನೇ ಕೇಳುತ್ತಿದ್ದೆ. ಅಷ್ಟರಲ್ಲಿ ‘ಮೀಟಿಂಗ್’ ಎಂದು ಇಟ್ಟುಬಿಟ್ಟಿರಿ. ನಿಮ್ಮ ಮೀಟಿಂಗ್ ಮುಗಿದಿರಬಹುದು, ನನ್ನ ಪ್ರಶ್ನೆ ಮುಗಿದಿಲ್ಲ. ಆದ್ದರಿಂದ ಊರೆಲ್ಲ ಓದುವ ಹಾಗೆ ಪತ್ರಿಕೆಯಲ್ಲೇ ಮುಂದುವರಿಸುತ್ತಿದ್ದೇನೆ.

ಓದುವವರಿಗೂ ತಿಳಿಯಲಿ. ನಾನು ಶೃಂಗೇರಿ ಕಡೆಯ ನೆಮ್ಮಾರಿನವನು. ನನ್ನ ಹಸು ಕೌಲಿ, ತುಂಬು ಗಬ್ಬ. ಹಿಂದಿನ ಎಡಗಾಲು ಊರುತ್ತಿಲ್ಲ. ಹೋದ ವಾರ ಈ ಸಾಹೇಬರು ಮನೆಮನೆಯ ದನ ತಪಾಸಣೆಗೆಂದು ನಮ್ಮ ಕೊಟ್ಟಿಗೆಗೆ ಬಂದು ‘ಕುಂಟು ಇಲ್ಲ’ ಎಂದು ಬರೆದುಕೊಂಡು ಹೋದರು. ಆಗ ಅವಳು ಕಾಲು ಎಳೆಯುತ್ತಲಾದರೂ ನಡೆಯುತ್ತಿದ್ದಳು. ಈಗ ಅದೂ ಇಲ್ಲ.

ನಿಮಗೆ ವಿದ್ಯೆ ಗೊತ್ತಿಲ್ಲ ಎಂದು ನಾನು ಹೇಳಲಾರೆ. ಗೊತ್ತಿಲ್ಲದವರ ಮೇಲೆ ನನಗೆ ಇಷ್ಟು ಸಿಟ್ಟು ಬರುವುದೂ ಇಲ್ಲ. ನಮ್ಮ ಪಕ್ಕದ ಜಯಪುರದ ರೈತರ ಶಿಬಿರದಲ್ಲಿ ಬಿಳಿ ಪರದೆಯ ಮೇಲೆ ಒಂದು ಕುದುರೆಯನ್ನು ಓಡಿಸಿ ತೋರಿಸಿದವರು ನೀವೇ. ನಮ್ಮ ಕಡೆ ಕುದುರೆ ಯಾರ ಮನೆಯಲ್ಲಿದೆಯೋ ದೇವರೇ ಬಲ್ಲ, ಇರಲಿ. ಮುಂಗಾಲು ನೋಯುತ್ತಿದ್ದರೆ ಆ ಕಾಲು ನೆಲಕ್ಕೆ ತಾಗುವಾಗ ತಲೆ ಮೇಲೇಳುತ್ತದೆ, ಹಿಂಗಾಲಾದರೆ ಸೊಂಟ ನೋಡಿ, ಹಸುವಾದರೆ ಬೆನ್ನು ಬಿಲ್ಲಿನಂತೆ ಬಾಗಿ ಹೆಜ್ಜೆ ಗಿಡ್ಡವಾಗುತ್ತದೆ, ಗಟ್ಟಿ ನೆಲದ ಮೇಲೆ ನಡೆಸಿ ನೋಡದೆ ತೀರ್ಮಾನಕ್ಕೆ ಬರಬೇಡಿ ಎಂದು ಮೈಕಿನಲ್ಲಿ ಹೇಳಿದವರೂ ನೀವೇ. ‘ಲೇಮ್‌ನೆಸ್ ಈಸ್ ನಾಟ್ ಎ ಡಿಸೀಸ್, ಇಟ್ ಈಸ್ ಎ…’ ಎಂದು ಒಂದು ಇಂಗ್ಲಿಷ್ ವಾಕ್ಯವನ್ನೂ ಹೇಳಿದಿರಿ. ಕೊನೆಯ ಪದ ನನಗೆ ನೆನಪಿಲ್ಲ. ಎಂದೋ ಕಾಲೇಜಿನಲ್ಲಿ ಕಲಿತ ಇಂಗ್ಲಿಷು, ಅರ್ಧಕ್ಕೇ ನಿಲ್ಲುತ್ತದೆ. ಸಿಂಪ್ಟಮ್ ಇರಬೇಕು, ಅಥವಾ ಸಿಂಪಥಿ. ಒಂದನ್ನು ನೀವು ನೋಡಲಿಲ್ಲ, ಇನ್ನೊಂದನ್ನು ತೋರಿಸಲಿಲ್ಲ.

ನಮ್ಮಲ್ಲಿ ಹೊರಗಿನವರು ಕೊಟ್ಟಿಗೆಗೆ ಬರುತ್ತಾರೆಂದರೆ ಸಗಣಿ ಬಾಚಿ ಹೊಸ ಸೊಪ್ಪು ಹಾಸುವುದು ರೂಢಿ. ಮನೆಗೆ ನೆಂಟರು ಬಂದಾಗ ಚಾಪೆ ಬಿಡಿಸುವುದಿಲ್ಲವೇ, ಹಾಗೆ. ಸಾಹೇಬರ ಬೂಟು ಕೊಳೆಯಾಗಬಾರದೆಂದು ನಮ್ಮ ಮನೆ ಕೆಲಸಕ್ಕೆ ಬರುವ ಸುಬ್ಬಿ ಬೆಳಿಗ್ಗೆಯೇ ಬೆಟ್ಟಕ್ಕೆ ಹೋಗಿ ಹೊರೆ ಹೊತ್ತು ತಂದು ದಪ್ಪಗೆ ಹಾಸಿದಳು. ಗೊರಸು ಮುಳುಗುವಷ್ಟು ಮೆತ್ತೆ. ಅಂಥ ಹಾಸಿಗೆಯ ಮೇಲೆ ಯಾರ ಕಾಲು ತಾನೇ ನೋಯುತ್ತದೆ? ಕೌಲಿ ಮಹಾರಾಣಿಯ ಹಾಗೆ ನಿಂತಿದ್ದಳು.

“ಹಿಂದಿನ ಎಡಗಾಲು ಎಳೀತದೆ ಸಾರ್,” ಎಂದೆ.

“ನಾಲ್ಕೂ ಕಾಲ ಮೇಲೆ ಚೆನ್ನಾಗಿ ನಿಂತಿದೆಯಲ್ರೀ,” ಎಂದಿರಿ.

“ನಿಂತಾಗ ಎಂತ ಗೊತ್ತಾಗ್ತದೆ ಸಾರ್? ಅಂಗಳಕ್ಕೆ ಹೊಡೀಲಾ?”

“ಬೇಡ ಬೇಡ, ಇನ್ನೂ ಎಷ್ಟೋ ಮನೆ ಇದಾವೆ.”

ಹೊಸ್ತಿಲಲ್ಲೇ ನಿಂತು ಒಂದು ಫೋಟೋ ತೆಗೆದು ಬೈಕು ಹತ್ತಿದಿರಿ. ನೀವು ತಿರುವು ದಾಟಿದ ಮೇಲೆ ಸುಬ್ಬಿ ಅಂದಳು: “ಎಂತ ಗೌಡ್ರೇ ಇದು, ಹೆಣ್ಣು ನೋಡಕ್ಕೆ ಬಂದೋರಾದ್ರೂ ಕಾಪಿ ತರೋ ನೆವದಲ್ಲಿ ಒಂದ್ಸಲ ನಡ್ಸಿ ನೋಡ್ತಾರಲ್ಲ!” ಅಂದು ನಾನು ನಕ್ಕಿದ್ದೆ. ನಿಮಗೆ ಮರ್ಯಾದೆ ಮಾಡಲು ಹಾಸಿದ ಸೊಪ್ಪೇ ಕೌಲಿಯ ನೋವನ್ನು ಮುಚ್ಚಿತು ಎಂದು ತಿಳಿದ ಮೇಲೆ ನಗು ಬರುತ್ತಿಲ್ಲ. ಆದರೆ ಸೊಪ್ಪು ಸರಿಸುವುದಕ್ಕೆ ಸರ್ಕಾರದ ಆದೇಶ ಬೇಕಿತ್ತೇ?

ಕಾಲು ನೋಡದೆ ಕಾಲಿನ ವಿಷಯ ಬರೆಯುವವರನ್ನು ನಾನು ಕಾಣುತ್ತಿರುವುದು ಇದು ಮೊದಲಲ್ಲ. ನನ್ನ ಹೆಂಡತಿ ವಸಂತಮ್ಮನಿಗೆ ಸಕ್ಕರೆ ಕಾಯಿಲೆ ಇತ್ತು. ಪೇಟೆಯ ಆಸ್ಪತ್ರೆಯಲ್ಲಿ ಬಂದವರೆಲ್ಲ ತಲೆದಿಂಬಿನ ಕಡೆಯೇ ನಿಂತು ಚೀಟಿ ನೋಡಿ ಹೋದರು. ಹೊದಿಕೆ ಎತ್ತಿ ಅಂಗಾಲು ನೋಡಿದವರಿಲ್ಲ. ನೋಡುವ ಹೊತ್ತಿಗೆ… ಅದು ನಿಮ್ಮ ಇಲಾಖೆ ಅಲ್ಲ. ಬಿಡಿ.

ಮೊನ್ನೆ ನಾವೇ ಕೌಲಿಯ ಕಾಲು ಎತ್ತಿ ತೊಳೆದೆವು. ಗೊರಸಿನ ಸೀಳಿನ ಮೇಲೆ ಊತ, ಮುಟ್ಟಿದರೆ ಬಿಸಿ, ಕೆಟ್ಟ ವಾಸನೆ. ಒಳಗೆ ಕೀವು ಕಟ್ಟಿದೆಯೆಂದು ನನಗೆ ಅನ್ನಿಸುತ್ತದೆ, ಆದರೆ ನಾನು ಡಾಕ್ಟರಲ್ಲ. ಅಡಿಕೆಗೆ ಹೊಡೆಯಲು ತಂದ ಮೈಲುತುತ್ತ ಮನೆಯಲ್ಲಿದೆ. ಅದರ ನೀರಿನಲ್ಲಿ ಕಾಲು ಅದ್ದಬಹುದೇ, ಎಷ್ಟು ಹಾಕಬೇಕು, ಹಸಿ ಗಾಯಕ್ಕೆ ತಾಗಿದರೆ ಏನಾಗುತ್ತದೆ ಎಂದು ಫೋನಿನಲ್ಲಿ ಕೇಳಿದ್ದಕ್ಕೆ ನಿಮ್ಮ ಉತ್ತರ ಏನು? “ಪರೀಕ್ಷೆ ಆಗಿದೆಯಲ್ರೀ, ಕುಂಟು ಇಲ್ಲ ಅಂತ ಎಂಟ್ರಿ ಆಗಿದೆ.” ಎಂಟ್ರಿಗೆ ಕಾಲಿಲ್ಲ ಸ್ವಾಮಿ, ಅದು ಕುಂಟುವುದಿಲ್ಲ!

ಇನ್ನೂ ಒತ್ತಿ ಕೇಳಿದ್ದಕ್ಕೆ, ಸಾಮಾನೆಲ್ಲ ಗಾಡಿಯಲ್ಲಿದೆ, ಗಾಡಿ ಟಾರು ರಸ್ತೆ ಬಿಟ್ಟು ಇಳಿಯುವುದಿಲ್ಲ, ಹಸುವನ್ನೇ ಅಲ್ಲಿಗೆ ಹೊಡೆದುಕೊಂಡು ಬನ್ನಿ ಎಂದಿರಿ. ನಡುವೆ ಹಳ್ಳ ಇದೆ, ಹಳ್ಳ ದಾಟಿದರೆ ಕಲ್ಲಿನ ಏರು. ಮೂರು ಕಾಲಿನ ಮೇಲೆ ತುಂಬು ಗಬ್ಬದ ಹಸು ಅದನ್ನು ಹತ್ತಬೇಕು, ನಾಲ್ಕು ಚಕ್ರದ ಮೇಲೆ ನೀವು ಕಾಯುತ್ತೀರಿ. ಗೊರಸು ಕೆತ್ತುವ ಕತ್ತಿ ಕಿಸೆಯಲ್ಲಿ ಹಿಡಿಯುವ ಸಾಮಾನು. ಹೋದ ವಾರ ಅಂಗಳಕ್ಕೇ ಬಂದ ಬೈಕು ಈ ವಾರ ಎಲ್ಲಿ ಹೋಯಿತು?

ಈಗ ಕೇಳಿ. ಇದು ಅಚ್ಚಾದ ಬೆಳಿಗ್ಗೆಯೇ ನಮ್ಮ ಕೊಟ್ಟಿಗೆಗೆ ಬನ್ನಿ. ಸೊಪ್ಪು ಸರಿಸಿಟ್ಟಿರುತ್ತೇನೆ, ಬೂಟಿನ ಚಿಂತೆ ನಿಮ್ಮದು. ಕೌಲಿ ಎದ್ದರೆ ಕಲ್ಲಂಗಳದಲ್ಲಿ ನಡೆಸಿ ನೋಡಿ. ಏಳದಿದ್ದರೆ ಪಕ್ಕದಲ್ಲಿ ಕೂತು ಕಾಲು ಹಿಡಿದು ನೋಡಿ, ಕೆತ್ತಿ, ಕೀವಿದ್ದರೆ ತೆಗೆಯಿರಿ. ಆಮೇಲೆ ಏನು ಬೇಕಾದರೂ ಬರೆದುಕೊಳ್ಳಿ. ಇನ್ನು ಮುಂದೆ ಶೃಂಗೇರಿಯಾಗಲಿ ಕೊಪ್ಪವಾಗಲಿ, ನಡೆಸಿ ನೋಡದ ಒಂದು ಹಸುವಿನ ಮುಂದೆಯೂ ‘ಕುಂಟು ಇಲ್ಲ’ ಎಂದು ಬರೆಯಕೂಡದು.

ಇನ್ನೂ ಹೇಳುವುದಿತ್ತು. ಕೊಟ್ಟಿಗೆಯಿಂದ ಸುಬ್ಬಿ ಕೂಗುತ್ತಿದ್ದಾಳೆ: “ಗೌಡ್ರೇ, ಬರ್ದಿದ್ದು ಸಾಕು ಮಾರಾಯ್ರೆ! ಮಧ್ಯಾಹ್ನದಿಂದ ಒಂದೇ ಮಗ್ಗಲಲ್ಲಿ ಬಿದ್ಕಂಡದೆ, ಹೊರಳ್ಸಕ್ಕೆ ನಾನೊಬ್ಳೇ ಸಾಕಾ?” ಹೌದು, ಬೆಳಕು ಹೋಗುತ್ತಿದೆ. ಅಕ್ಷರ ಕಾಣುತ್ತಿಲ್ಲ. ಕಾಲು ಕಾಣುವಷ್ಟು ಬೆಳಕು ಇನ್ನೂ ಇದೆ.

ಇಂತಿ,
‘ಯುವರ್ಸ್ ಒಬೀಡಿಯಂಟ್ಲಿ’ ಎಂದು ಬರೆಯಲು ಕಲಿತಿದ್ದರೂ ಈ ಸಲ ಬರೆಯಲಾರದ,
ತಮ್ಮ ಬೂಟಿಗೆಂದು ಸೊಪ್ಪು ಹಾಸಿಸಿದ
ಹರಿಹರಗೌಡ, ನೆಮ್ಮಾರ್