ಮುಗಿಯೋವರ್ಗೂ ಇಲ್ಲೇ ಇರ್ತೀನಿ

ಅಮ್ಮಾ,

ನೀನು ತೀರಿಕೊಂಡು ಮೂರು ತಿಂಗಳಾದರೂ ನಿನಗೆ ಸುದ್ದಿ ಹೇಳುವ ಚಟ ಬಿಟ್ಟಿಲ್ಲ. ಕೂಸನ್ನು ಡೇಕೇರಿಗೆ ಬಿಟ್ಟರೆ ಯಾರೊಂದಿಗೂ ಬೆರೆಯದೆ ಮಂಕಾಗುತ್ತಾಳೆ ಎಂದು ಜಗಳವಾಡಿದ್ದೆಯಲ್ಲ, ಕೇಳು. ಈವತ್ತು ಕರೆದುಕೊಂಡು ಬರಲು ಹೋದಾಗ ಹೊಸ ಮಗುವೊಂದು ಅಳುತ್ತಿತ್ತು. ನಿನ್ನ ಮೊಮ್ಮಗಳು ಆಟ ಬಿಟ್ಟು ಹೋಗಿ ಅದರ ಪಕ್ಕ ಕೂತಳು.

"ಅತ್ಕೋ. ಮುಗಿಯೋವರ್ಗೂ ಇಲ್ಲೇ ಇರ್ತೀನಿ."

"ನೀವು ಕಲಿಸಿದ್ದಾ?" ಎಂದು ಆಯಾಳನ್ನು ಕೇಳಿದೆ.

"ಅಯ್ಯೋ ಇಲ್ಲಮ್ಮ, ನಾವು ಅಳಬೇಡ ಅಂತೀವಿ. ನಿಮ್ಮನೇಲಿ ಕಲ್ತಿರ್ಬೇಕು."

ನಾನೂ ಹಾಗೆ ಹೇಳುವವಳಲ್ಲ. ಎಲ್ಲಿಂದ ಬಂತು ಎಂದು ದಾರಿಯುದ್ದಕ್ಕೂ ತಲೆ ಕೆರೆದುಕೊಂಡೆ. ಮನೆಯ ಬೀಗ ತೆಗೆಯುವಾಗ ಹೊಳೆಯಿತು. ಆ ಜಗಳದ ದಿನ ನಾನು ಚಿಲಕ ಹಾಕಿಕೊಂಡು ಅಳುತ್ತಿದ್ದಾಗ, ಹೊರಗೆ ಕೂತು ನೀನು ಹೇಳಿದ್ದು ಇದೇ ಮಾತು. ಅವಳು ನಿನ್ನ ತೊಡೆಯ ಮೇಲಿದ್ದಳು.

ನಾನು ಬಾಗಿಲು ತೆಗೆದಿರಲಿಲ್ಲ.