ಗೌಜಲಕ್ಕಿಯ ಪುಡಿ

ಅಂಜನಾಪುರ
೨೦-೩-೧೯೯೬

ಪ್ರೀತಿಯ ಮಗಳು ಗಂಗಾಶ್ರೀಗೆ, ಅಪ್ಪನ ಮನಸಾರೆ ಆಶೀರ್ವಾದಗಳು.

ಆರೋಗ್ಯವಾಗಿದ್ದೀಯಾ? ಧಾರವಾಡದ ನೀರು ಹಿಡಿಸಿತೇ? ತರಬೇತಿಯ ಗಡಿಬಿಡಿಯಲ್ಲಿ ಊಟ ಬಿಡಬೇಡ. ಹಕ್ಕಿ ಸಾಕುವುದನ್ನು ಕಲಿಯಲು ಹೋಗಿ ನೀನೇ ಬಡಕಲು ಮರಿಯಾಗಿ ಬಂದರೆ ನಿನ್ನ ಅವ್ವ ನನ್ನನ್ನು ಸುಮ್ಮನೆ ಬಿಡುವುದಿಲ್ಲ. ಅವಳ ಮಂಡಿನೋವು ಇದ್ದ ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ.

ನಿನ್ನ ಗೌಜಲಕ್ಕಿಗಳು ಸುಖವಾಗಿವೆ. ನೀನು ಕೊಟ್ಟು ಹೋದ ಪುಡಿಯನ್ನು ಹೇಳಿದ ಹಾಗೆಯೇ ಮೇವಿಗೆ ಬೆರೆಸುತ್ತಿದ್ದೇನೆ. 'ಇದರಾಗೆ ಜೀವ ಐತಪ್ಪಾ, ಮೊಸರಿನ ಹೆಪ್ಪು ಇದ್ದಂಗೆ. ಬಿಸಿ ತಾಗಿದ್ರೆ ಸಾಯ್ತೈತಿ' ಎಂದಿದ್ದೆಯಲ್ಲ, ಅದಕ್ಕೇ ಡಬ್ಬಿಯನ್ನು ಅಡುಗೆಮನೆಯ ತಂಪು ಮೂಲೆಯಲ್ಲಿ ಇಟ್ಟಿದ್ದೇನೆ. ಹಕ್ಕಿಯ ಹೊಟ್ಟೆಗೆ ಹೆಪ್ಪು ಹಾಕುವವಳು ನೀನೊಬ್ಬಳೇ ಎಂದು ನಾನು ನಕ್ಕಿದ್ದೆ. ಈಗ ಮರಿಗಳ ಭೇದಿ ನಿಂತಿದೆ, ಸಾಯುವುದು ಕಡಿಮೆಯಾಗಿದೆ, ಅಂಗೈಯಲ್ಲಿಟ್ಟುಕೊಂಡರೆ ತೂಕ ತಿಳಿಯುತ್ತದೆ. ಪೂಜೆ ಮುಗಿಸಿದವನೇ ಗೂಡಿನ ಕಡೆ ಓಡುತ್ತೇನೆಂದು ನಿನ್ನ ಅವ್ವ ಆಡಿಕೊಳ್ಳುತ್ತಾಳೆ.

ಇನ್ನು ನಾಚಿಕೆಯ ಮಾತು. ಕಳೆದ ವಾರ ಸೊರಬದ ಉಜ್ಜಪ್ಪನವರು ತಮ್ಮ ಮಗನಿಗೆ ನಿನ್ನನ್ನು ಕೇಳಲು ಬಂದಿದ್ದರು. ನಿನ್ನ ಸೋದರಮಾವನ ಮನೆಯ ಮದುವೆಯಲ್ಲಿ ನಿನ್ನನ್ನು ನೋಡಿ ಮೆಚ್ಚಿದವರು. 'ಹಕ್ಕಿ ಬಿಡು ಅನ್ನೋ ಮನಿಗೆ ನಾ ಹೋಗಲ್ಲ' ಎಂದು ನೀನು ಹೇಳಿದ್ದೆ. ಬಂದವರಿಗೆ ಮೊದಲೇ ತಿಳಿಸುತ್ತೇನೆಂದು ನಾನು ಮಾತು ಕೊಟ್ಟಿದ್ದೆ. ಆದರೆ ಅವರು ಹಣೆತುಂಬ ವಿಭೂತಿ ಧರಿಸಿ ಎದುರು ಕೂತಾಗ, ಲಿಂಗ ಕಟ್ಟಿದವರ ಮನೆಯಲ್ಲಿ ತಿನ್ನುವವರಿಗಾಗಿ ಹಕ್ಕಿ ಬೆಳೆಸುತ್ತೇವೆ ಎನ್ನಲು ನಾಲಿಗೆ ಏಳಲಿಲ್ಲ. ಹಿತ್ತಲಿನ ಕೂಗು ಕೇಳಿ ವಿಚಾರಿಸಿದರೆ, ಪಕ್ಕದ ಮನೆ ರಾಜಪ್ಪನವು ಎಂದುಬಿಟ್ಟೆ. ಅಷ್ಟಕ್ಕೇ ಮುಗಿಯಲಿಲ್ಲ. ಊಟಕ್ಕೆ ಒಳಗೆ ಬಂದವರು ಡಬ್ಬಿ ಕಂಡು ಅದೇನೆಂದು ಕೇಳಿದರು. ನನ್ನ ಹೊಟ್ಟೆಯ ಔಷಧ ಎಂದೆ. 'ಅಲ್ರೀ ಶಿವಮೂರ್ತಪ್ಪನೋರೆ, ನಂದೂ ಹೊಟ್ಟೆ ಸರಿಯಿಲ್ಲ, ನಂಗೂ ಒಂದ್ ಚಮಚ ಕೊಡ್ರಿ' ಎಂದು ಲೋಟ ಚಾಚಿದರು! ಕೈಯಾರೆ ಮಜ್ಜಿಗೆಗೆ ಕದಡಿ ಕೊಟ್ಟೆ. ಅನುಮಾನ ಬರಬಾರದೆಂದು ನಾನೂ ಕುಡಿದೆ. ನಿನ್ನ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಳಕೋಣೆಗೆ ಓಡಿದಳು. ಅವರು ಹೋದ ಮೇಲೆ ಗೂಡಿನ ಮುಂದೆ ನಿಂತು ನಾಚಿಕೆಯಿಂದ ಹಿಡಿಯಾದೆ. ಅವರ ಹೊಟ್ಟೆಗೆ ಏನಾಯಿತೋ ಎಂಬ ಭಯ ಒಂದು ಕಡೆ. ಹೆತ್ತ ಮಗಳ ದುಡಿಮೆಯನ್ನು ಇನ್ನೊಬ್ಬನದೆಂದೆನಲ್ಲ ಎಂಬ ಸಂಕಟ ಅದಕ್ಕಿಂತ ದೊಡ್ಡದು.

ಚೆನ್ನಾಗಿ ಕಲಿತು ಬಾ, ಮಗಳೇ. ನಿನಗೆ ಮುಖ ತೋರಿಸಲು ಸಂಕೋಚವಾದರೂ ಬಸ್‌ಸ್ಟ್ಯಾಂಡಿಗೆ ನಾನೇ ಬರುತ್ತೇನೆ.

ಇಂತಿ ನಿನ್ನ ಅಪ್ಪ,
ಶಿವಮೂರ್ತಪ್ಪ

ಪುನಃ: ಪೋಸ್ಟಿನ ಹುಚ್ಚರಾಯಪ್ಪನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಬರೆಯುತ್ತಿದ್ದೇನೆ. ಈಗಷ್ಟೇ ಉಜ್ಜಪ್ಪನವರ ಕಾರ್ಡು ಬಂತು. ಹೊಟ್ಟೆ ಹಗುರಾಗಿದೆಯಂತೆ, ಸಂಬಂಧ ಒಪ್ಪಿಗೆಯಂತೆ, ಔಷಧ ಇನ್ನೊಂದು ಡಬ್ಬಿ ಬೇಕಂತೆ. ಕೂತಲ್ಲೇ ಉತ್ತರ ಬರೆದು ಅವನ ಚೀಲಕ್ಕೆ ಹಾಕಿದೆ: ಅದು ಹಕ್ಕಿಗೆ ಹಾಕುವ ಪುಡಿ, ಹಕ್ಕಿಗಳು ರಾಜಪ್ಪನವಲ್ಲ, ನನ್ನ ಮಗಳವು, ಬರುವುದಾದರೆ ಅವಳು ಅವುಗಳ ಜೊತೆಗೇ ಬರುತ್ತಾಳೆ. ಅವರು ಏನೆನ್ನುತ್ತಾರೋ ಗೊತ್ತಿಲ್ಲ. ಈ ಉತ್ತರದ ವಿಷಯ ನಿನ್ನ ಅವ್ವನಿಗೂ ಇನ್ನೂ ಹೇಳಿಲ್ಲ. ಕಾರ್ಡು ಓದಿದ ಕೂಡಲೇ ಅವಳು ಓಣಿಗೆಲ್ಲ ಸಕ್ಕರೆ ಹಂಚಲು ಹೋಗಿದ್ದಾಳೆ.