ಕುಂಕುಮ ಹಚ್ಚಿದ ಕಾರ್ಡೂ ನಮ್ಮ ಮನೆಯವರ ಹೆಬ್ಬೆರಳೂ

ಮಾಜಿ ಸೈನಿಕರ ಆರೋಗ್ಯ ಯೋಜನೆ ನೋಡಿಕೊಳ್ಳುವ ಅಧಿಕಾರಿಗಳಿಗೆ,

ಮಾನ್ಯರೇ,

ಮೊದಲು ಕೈಯಲ್ಲಿರುವ ಕಾಫಿ ಲೋಟ ಕೆಳಗಿಡಿ. ನಾನು ಕಳಿಸಿದ ಎರಡು ಅರ್ಜಿಗಳನ್ನೂ ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈಯಲ್ಲಿ ಕಾಗದ ಹಿಡಿದೇ ಓದಿರಬೇಕು ನೀವು. ಉತ್ತರ ಬರೆಯಲು ಮೂರನೇ ಕೈ ಎಲ್ಲಿಂದ ಬರಬೇಕು, ಪಾಪ. ಅದಕ್ಕೇ ಈ ಸಲ ಪತ್ರಿಕೆಗೆ ಕೊಟ್ಟಿದ್ದೇನೆ. ವಿಷಯ ಇಷ್ಟೇ. ಹತ್ತೊಂಬತ್ತು ವರ್ಷ ಸೈನ್ಯದಲ್ಲಿದ್ದ ನಮ್ಮ ಮನೆಯವರ ಕಾಲಿನ ಹುಣ್ಣು ನೋಡಲು ಕೊಪ್ಪದಲ್ಲೇ ಒಳ್ಳೆಯ ಡಾಕ್ಟರಿದ್ದಾರೆ. ಆದರೆ ನಿಮ್ಮ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಹಾಗಾಗಿ ನಿಮ್ಮ ಪಾಲಿಗೆ ಅವರು ಡಾಕ್ಟರೂ ಅಲ್ಲ, ಇದು ಹುಣ್ಣೂ ಅಲ್ಲ.

ನಿಮ್ಮನ್ನು ಬೈಯುವ ಮೊದಲು ನನ್ನನ್ನು ನಾನೇ ಬೈದುಕೊಳ್ಳಬೇಕು, ಅದರಲ್ಲಿ ಮೋಸ ಮಾಡುವುದಿಲ್ಲ. ನಿಮ್ಮ ಕಾರ್ಡು ಮನೆಗೆ ಬಂದ ದಿನ ನಾನು ನೆಲದ ಮೇಲೆ ನಡೆಯಲಿಲ್ಲ. ನಮ್ಮೂರು ನಾರ್ವೆಯ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕೇಳಿದವರಿಗೂ ಕೇಳದವರಿಗೂ ತೋರಿಸಿದೆ. ಇನ್ನು ನಮಗೆ ಕೆಮ್ಮು ಬಂದರೂ ದೊಡ್ಡ ಆಸ್ಪತ್ರೆಯೇ ಎಂದೆ. ಪಕ್ಕದ ಮನೆಯ ಶೇಷಮ್ಮ, ಕೆಮ್ಮು ಬರುವ ಮೊದಲೇ ನಿಂಗೆ ಕೊಬ್ಬು ಬಂತಲ್ಲೇ ಎಂದಳು. ಅವಳ ಮಾತನ್ನು ಹೊಟ್ಟೆಕಿಚ್ಚು ಎಂದು ತಳ್ಳಿಹಾಕಿದೆ. ಮುಂದೆ ಆಯುಧಪೂಜೆ ಬಂತು. ಕತ್ತಿ, ಹಾರೆ, ಗುದ್ದಲಿ ಎಲ್ಲ ತೊಳೆದು ಸಾಲಾಗಿ ಇಟ್ಟೆ. ಸೈನ್ಯದವರು ಕೊಟ್ಟ ಕಾರ್ಡು, ಅದೂ ಆಯುಧವೇ ತಾನೇ? ಅದನ್ನೂ ಇಟ್ಟೆ. ಕಾರ್ಡಿನ ಮೇಲೆ ಚಿನ್ನದ ಬಣ್ಣದ ಒಂದು ಸಣ್ಣ ಚೌಕ ಇರುತ್ತದಲ್ಲ, ಅದು ಕುಂಕುಮ ಇಡಲೆಂದೇ ಬಿಟ್ಟ ಜಾಗ ಎಂದುಕೊಂಡೆ. ಗಂಧ ತೇದು ಹಚ್ಚಿ, ಮೇಲೆ ಕುಂಕುಮ ಒತ್ತಿ, ಆರತಿ ಎತ್ತಿದೆ. ಒಣಗಿದ್ದು ಬಿಡಲಿಲ್ಲವೆಂದು ಮಾರನೆಯ ದಿನ ತೆಂಗಿನ ನಾರು ಹಾಕಿ ತಿಕ್ಕಿದ್ದೂ ನಾನೇ.

ನಿಮ್ಮ ಚಿಕಿತ್ಸಾಲಯ ಇರುವುದು ನಮ್ಮಿಂದ ಎರಡು ಬಸ್ಸು ಆಚೆ. ಅಲ್ಲಿ ಟೋಕನ್ ಹತ್ತು ಗಂಟೆಗೆ ಮುಗಿಯುತ್ತದೆ, ನಮ್ಮ ಮೊದಲ ಬಸ್ಸು ಅಲ್ಲಿ ಮುಟ್ಟುವುದು ಹನ್ನೊಂದಕ್ಕೆ. ಈ ಸಮಯ ಗೊತ್ತುಮಾಡಿದ ಪುಣ್ಯಾತ್ಮರು ಒಮ್ಮೆಯಾದರೂ ಬಸ್ಸು ಹತ್ತಿದ್ದಾರೆಯೇ? ನಾವು ಹಿಂದಿನ ದಿನವೇ ಹೋಗಿ ನೆಂಟರ ಮನೆಯಲ್ಲಿ ಉಳಿದು ಬೆಳಿಗ್ಗೆ ಸಾಲಿನಲ್ಲಿ ನಿಂತೆವು. ಕಾರ್ಡನ್ನು ಮೂರು ಸಲ ತೂರಿಸಿದರೂ ಮಿಷನ್ನು ಬಾಯಿ ಬಿಡಲಿಲ್ಲ. ಕಿಟಕಿಯ ಒಳಗಿದ್ದ ಹುಡುಗ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದ.

"ಇದಕ್ಕೆ ಎಂತ ಮಾಡಿದ್ರಿ ಅಮ್ಮ?"

"ಪೂಜೆ ಮಾಡ್ದೆ ಮಾರಾಯ."

ಸಾಲಿನಲ್ಲಿದ್ದ ಸೈನಿಕರೆಲ್ಲ ನಕ್ಕರು. ನಮ್ಮ ಮನೆಯವರು ಮಾತ್ರ ನಗಲಿಲ್ಲ. ಅವರು ಗೋಡೆಗೆ ಒರಗಿ ಒಂದೇ ಕಾಲಿನ ಮೇಲೆ ನಿಂತಿದ್ದರು. ಆ ಹುಡುಗ ಒಳ್ಳೆಯವನು, ಒಳಗೆ ಕೇಳಿ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಒಂದು ತಿಂಗಳಿಗಾಗುವಷ್ಟು ಕೊಡಿಸಿದ. ಹೊಸ ಕಾರ್ಡಿಗೂ ಮುಂದಿನ ತಿಂಗಳ ಔಷಧಿಗೂ ರೋಗಿ ಖುದ್ದಾಗಿ ಬರಲೇಬೇಕು, ಅದು ನಿಯಮ ಎಂದು ಹೇಳಿ ಕಳಿಸಿದ.

ಊರಿಗೆ ಬಂದು ಬೂಟು ಬಿಚ್ಚಿದರೆ ಕಾಲುಚೀಲ ಹುಣ್ಣಿಗೆ ಅಂಟಿಕೊಂಡಿತ್ತು. ಹಿಮದಲ್ಲಿ ಪಹರೆ ಮಾಡುವಾಗ ಎರಡು ಬೆರಳು ಕಳೆದುಕೊಂಡ ಕಾಲು ಅದು. ಈಗ ಸಕ್ಕರೆ ಕಾಯಿಲೆಯೂ ಸೇರಿ ಹೆಬ್ಬೆರಳಿಗೆ ಕುತ್ತು ತಂದಿದೆ. ಕೊಪ್ಪದ ಡಾಕ್ಟರು ದಿನ ಬಿಟ್ಟು ದಿನ ಹುಣ್ಣು ತೊಳೆದು ಕಟ್ಟುತ್ತಾರೆ, ಒಂದು ಬಿಡಿಗಾಸೂ ಕೇಳುವುದಿಲ್ಲ. ಆವತ್ತು ಮಾತ್ರ ನನ್ನನ್ನು ಹೊರಗೆ ಕರೆದು ಹೇಳಿದರು. "ಅಮ್ಮಾ, ಇನ್ನೊಂದು ಸಲ ಇವರನ್ನ ಅಷ್ಟು ದೂರ ಕರ್ಕೊಂಡು ಹೋದ್ರೆ ಬೆರಳು ಉಳಿಯೋದಿಲ್ಲ. ಆಮೇಲೆ ಪಾದದ ಮಾತು."

ಇದನ್ನು ಮನೆಯವರಿಗೆ ಹೇಳಿದೆ. ಅವರು, ಕರೆದಲ್ಲಿಗೆ ಹೋಗುವುದು ಸಿಪಾಯಿಯ ಕೆಲಸ ಎಂದು, ಬೂಟಿಗೆ ಪಾಲಿಶ್ ಹಾಕಲು ಕೂತರು. ಅಂಥವರನ್ನು ಕಟ್ಟಿಕೊಂಡ ನನಗೆ ಬುದ್ಧಿ ಎಲ್ಲಿಂದ ಬರಬೇಕು?

ಈಗ ನೀವೇ ಹೇಳಿ. ಕಾಲು ಉಳಿಯಬೇಕಾದರೆ ಅವರು ನಡೆಯಬಾರದು. ಔಷಧಿ ಸಿಗಬೇಕಾದರೆ ನಡೆದೇ ಬರಬೇಕು. ಔಷಧಿ ಇಲ್ಲದಿದ್ದರೆ ಕಾಲು ಉಳಿಯುವುದಿಲ್ಲ. ಇಂಥ ನಿಯಮ ಮಾಡಲು ಎಷ್ಟು ಓದಿರಬೇಕು? ನಾನು ಮೂರನೇ ಕ್ಲಾಸು, ನನ್ನ ಕೈಲಿ ಆಗುತ್ತಿರಲಿಲ್ಲ.

ಕಾರ್ಡು ಕೆಡಿಸಿದ್ದು ನಾನು, ಅವರ ಕಾಲಲ್ಲ. ದಂಡ ಹಾಕುವುದಿದ್ದರೆ ನನಗೆ ಹಾಕಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂರೂ ಪೇಟೆಗಳಲ್ಲಿ ಒಬ್ಬೊಬ್ಬ ಡಾಕ್ಟರನ್ನಾದರೂ ನಿಮ್ಮ ಪಟ್ಟಿಗೆ ಸೇರಿಸಿ. ಅದಕ್ಕೆ ದಿಲ್ಲಿಯ ಅಪ್ಪಣೆ ಬೇಕು ಎನ್ನುತ್ತೀರಿ, ಗೊತ್ತು. ಅಲ್ಲಿಯವರೆಗೆ ಕೊಪ್ಪದ ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಒಪ್ಪಿಕೊಂಡು ಔಷಧಿಯನ್ನು ನನ್ನ ಕೈಗೆ ಕೊಡಿ. ನನ್ನ ಎರಡು ಕಾಲೂ ಗಟ್ಟಿಯಾಗಿವೆ, ಎಷ್ಟು ಸಲ ಬೇಕಾದರೂ ಬರುತ್ತೇನೆ. ಹಿಂದಿನ ದಿನವೇ ಬಂದು ಸಾಲಿನಲ್ಲಿ ಕೂರುತ್ತೇನೆ.

ನಮ್ಮ ಮುಂದಿನ ಸರದಿ ಡಿಸೆಂಬರ್ ಐದಕ್ಕೆ. ಇಂಜೆಕ್ಷನ್ ನಾಲ್ಕಕ್ಕೆ ಮುಗಿಯುತ್ತದೆ. ಪರಿಶೀಲಿಸಲಾಗುವುದು ಎಂದು ಬರೆಯಬೇಡಿ, ಕೊಡುತ್ತೇವೆ ಎಂದೋ ಕೊಡುವುದಿಲ್ಲ ಎಂದೋ ಬರೆಯಿರಿ. ಡಿಸೆಂಬರ್ ಹುಟ್ಟುವುದರೊಳಗೆ ಉತ್ತರ ನನ್ನ ಕೈ ಸೇರಬೇಕು.

ಇಂತಿ,
ತಪ್ಪು ಒಪ್ಪಿಕೊಂಡ ಮೇಲೂ ಬಾಯಿ ಮುಚ್ಚಲು ಬಾರದ
ಜಲಜಮ್ಮ, ಹವಾಲ್ದಾರರ ಹೆಂಡತಿ
ನಾರ್ವೆ, ಕೊಪ್ಪ ತಾಲ್ಲೂಕು
ನವೆಂಬರ್ 12, 2007